ಹೊಸ್ತಿಲ ಮಾತು ಕೇಳುವ ಕಳ್ಳ ಹುಡುಗ: ಮಕ್ಕಳ ಕಥೆಗೆ ಕಳ್ಳ ನಾಯಕ ಆಗಬಹುದಾ?

ಶನಿವಾರದ ಕಥೆ

ಎಲ್ಲರಿಗೂ ನಮಸ್ಕಾರ. ಬಸವನಗುಡಿ ಹತ್ತಿರ ನಮ್ಮ ರಸ್ತೆಯಲ್ಲಿ ಒಂದು ಪುಟ್ಟ ಮಕ್ಕಳ ಲೈಬ್ರರಿ ಇದೆ. ಪ್ರತಿ ಶನಿವಾರ ಸಂಜೆ ಅಲ್ಲಿ ನಾನು ಕಥೆ ಓದುತ್ತೇನೆ. ಬರುವವರು 9ರಿಂದ 12 ವರ್ಷದ ಮಕ್ಕಳು, ಸುಮಾರು ಹದಿನೈದು ಜನ. ಇವರಿಗೆ ಚಿತ್ರದ ಪುಸ್ತಕ ಸಾಕಾಗಲ್ಲ. ದೊಡ್ಡವರ ಕಾದಂಬರಿಗೆ ಇನ್ನೂ ವಯಸ್ಸಾಗಿಲ್ಲ. ಮಾಯೆ, ಸಾಹಸ, ರಾತ್ರಿ ಓಡಾಟ ಅಂದರೆ ಪ್ರಾಣ. ಅಂಥ ಕಥೆ ಇಂಗ್ಲಿಷ್‌ನಲ್ಲಿ ರಾಶಿ ರಾಶಿ ಸಿಗುತ್ತದೆ. ಕನ್ನಡದಲ್ಲಿ ಹುಡುಕಿ ಹುಡುಕಿ ಕೊನೆಗೆ ನಾನೇ ಬರೆಯಲು ಕೂತೆ. 11 ಅಧ್ಯಾಯ ಆಗಿದೆ, ಈ ಗುಂಪಿನಲ್ಲೂ ಹಾಕಿದ್ದೇನೆ.

ಕಥೆ ನಡೆಯುವುದು ಹಳೇ ಬೆಂಗಳೂರಿನ ಪೇಟೆಯಲ್ಲಿ. ಕೆಂಪೇಗೌಡರ ಮಣ್ಣಿನ ಕೋಟೆ ಹೊಸದಾಗಿ ಎದ್ದ ಕಾಲ. ಹುಡುಗನ ಹೆಸರು ಗುಬ್ಬಿ. ಹನ್ನೊಂದು ವರ್ಷ. ಅಪ್ಪ ಅಮ್ಮ ಇಲ್ಲ. ಪೇಟೆಯ ಹುಡುಗರ ಗುಂಪಿನಲ್ಲಿ ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಇರುಳಪ್ಪ ಅನ್ನೋ ಹಳೇ ಕಳ್ಳನ ಕೈಕೆಳಗೆ ಕೆಲಸ. ಆದರೆ ಗುಬ್ಬಿಗೆ ಒಂದು ಶಕ್ತಿ ಇದೆ. ಅವನಿಗೆ ಹೊಸ್ತಿಲುಗಳ ಮಾತು ಕೇಳಿಸುತ್ತದೆ. ಯಾರು ಒಳಗೆ ಹೋದರು, ಯಾರು ಹೊರಗೆ ಬಂದರು, ಯಾರು ವಾಪಸ್ ಬರಲೇ ಇಲ್ಲ, ಎಲ್ಲ ಹೊಸ್ತಿಲಿಗೆ ಗೊತ್ತು. ಅದಕ್ಕೇ ಗುಬ್ಬಿಗೆ ಯಾವ ಮನೆ ಯಾವಾಗ ಖಾಲಿ ಅಂತ ಗೊತ್ತಾಗುತ್ತದೆ. ಆದರೆ ಬೇರೆಯವರ ಹೊಸ್ತಿಲು ದಾಟಿದಾಗಲೆಲ್ಲ ಅದು ಸುಂಕ ತೆಗೆದುಕೊಳ್ಳುತ್ತದೆ. ಅವನು ಹುಟ್ಟಿದ ಮನೆಯ ಒಂದು ನೆನಪು ಹೋಗುತ್ತದೆ. ಒಮ್ಮೆ ಅಮ್ಮನ ಸೀರೆಯ ಬಣ್ಣ. ಇನ್ನೊಮ್ಮೆ ಹಿತ್ತಲ ಮರ ಯಾವುದು ಅನ್ನೋದು. ಕೊನೆಯಲ್ಲಿ ಇರುಳಪ್ಪ ಅವನನ್ನು ಕೋಟೆ ಬಾಗಿಲಿಗೆ ಕಳಿಸುತ್ತಾನೆ.

ಮಕ್ಕಳಿಗೆ ತುಂಬಾ ಹಿಡಿಸಿದೆ. ಆದರೆ ಹೋದ ವಾರ ಒಬ್ಬ ತಾಯಿ ಬಂದು ಕೇಳಿದರು: "ಮಕ್ಕಳಿಗೆ ಹೇಳೋ ಕಥೆಯಲ್ಲಿ ಕಳ್ಳನನ್ನ ಹೀರೋ ಮಾಡ್ತೀರಲ್ಲ, ಸರೀನಾ?" ಅವರು ಜಗಳಕ್ಕೆ ಬಂದಿರಲಿಲ್ಲ. ನಿಜವಾಗಿ ಚಿಂತೆಯಿಂದ ಕೇಳಿದರು. ಅವತ್ತಿನಿಂದ ನನಗೆ ಪೆನ್ನು ಓಡುತ್ತಿಲ್ಲ. ಗುಬ್ಬಿ ಕಡೆಗೆ ಪಾಳೇಗಾರರ ಕಳೆದುಹೋದ ಮಗ ಅಂತ ಮಾಡಲಾ? ಕೆಟ್ಟವರ ಮನೆಯಲ್ಲಿ ಮಾತ್ರ ಕದಿಯುತ್ತಾನೆ ಅಂತ ಮಾಡಲಾ? ಎರಡಕ್ಕೂ ನನ್ನ ಮನಸ್ಸು ಒಪ್ಪುತ್ತಿಲ್ಲ. ನೀವೇನಂತೀರಿ?

ಹಳಗನ್ನಡ ಮೇಷ್ಟ್ರು

ತಂಗೀ, ಮೊದಲು ಪೆನ್ನು ಕೆಳಗಿಡಬೇಡಿ. ಕನ್ನಡಕ್ಕೆ ಕಳ್ಳನ ಕಥೆ ಹೊಸದಲ್ಲ. ನಮಗೆ ಸಿಕ್ಕಿರುವ ಅತಿ ಹಳೆಯ ಗದ್ಯ ಕೃತಿಗಳಲ್ಲಿ ವಡ್ಡಾರಾಧನೆ ಒಂದು. 10ನೇ ಶತಮಾನದ್ದು. ಅದರಲ್ಲಿ 19 ಕಥೆಗಳಿವೆ. ಅವುಗಳಲ್ಲಿ ಒಂದು ವಿದ್ಯುಚ್ಚೋರನ ಕಥೆ. ಅವನು ಹಗಲು ಕುಷ್ಠರೋಗಿಯ ವೇಷದಲ್ಲಿ ಪಾಳು ಗುಡಿಯಲ್ಲಿ ಬಿದ್ದಿರುತ್ತಾನೆ. ರಾತ್ರಿ ಊರನ್ನೇ ದೋಚುತ್ತಾನೆ. ಒಂದು ದಿನ ರಾಜನ ಹಾರವೇ ಹೋಗುತ್ತದೆ. ತಳಾರ ಯಮದಂಡನಿಗೆ ರಾಜ ಏಳು ದಿನ ಗಡುವು ಕೊಡುತ್ತಾನೆ. ತಳಾರ ಅಂದರೆ ಊರ ಕಾವಲಿನವನು, ನಾವು ತಳವಾರ ಅನ್ನುತ್ತೇವಲ್ಲ, ಅದೇ.

ಕಥೆಯ ಜೀವ ಇರುವುದು ಆಮೇಲೆ. ಆ ಕಳ್ಳ, ಆ ತಳಾರ ಚಿಕ್ಕಂದಿನ ಗೆಳೆಯರು. ಒಬ್ಬ ಕಳ್ಳರ ವಿದ್ಯೆ ಕಲಿತ. ಇನ್ನೊಬ್ಬ ಕಾವಲಿನ ವಿದ್ಯೆ ಕಲಿತ. ನೀನು ಕಾಯೋ ಊರಲ್ಲೇ ನಾನು ಕದಿಯುತ್ತೇನೆ ಅಂತ ಹುಡುಗರಾಗಿದ್ದಾಗ ಆಡಿದ ಪಂತ. ಕಳ್ಳತನದ ಹಿಂದೆ ಇದ್ದದ್ದು ದುಡ್ಡಿನ ಆಸೆ ಅಲ್ಲ, ಒಂದು ಹಳೇ ಮಾತು. ನಾನು ಅದನ್ನು ಪಿಯುಸಿ ಮಕ್ಕಳಿಗೆ ಹೇಳುವಾಗ ಹಿಂದಿನ ಬೆಂಚೂ ಸುಮ್ಮನಾಗುತ್ತಿತ್ತು.

ಒಂದು ಸಲಹೆ ಕೊಡಲಾ? ನಿಮ್ಮ ಗುಬ್ಬಿಗೆ ಕಾವಲಿನ ಕಡೆ ಒಬ್ಬ ಗೆಳೆಯ ಬೇಕು. ತಳವಾರನ ಮಗಳು ಆದರೆ ಇನ್ನೂ ಒಳ್ಳೆಯದು.

ಶನಿವಾರದ ಕಥೆ

ಮೇಷ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ! ತಳವಾರನ ಮಗಳು. ಹೆಸರು ನಿಂಗಿ ಅಂತ ಇಡುತ್ತೇನೆ. ಈಗಲೇ ಅವಳ ಧ್ವನಿ ಕೇಳಿಸ್ತಾ ಇದೆ.

ಇಬ್ಬರು ಮಕ್ಕಳ ಅಪ್ಪ

ಎಲ್ಲರೂ ಮೆಚ್ಚಿಕೊಳ್ಳುವಾಗ ನಾನು ಬೇರೆ ಮಾತು ಹೇಳುತ್ತಿದ್ದೇನೆ, ಬೇಜಾರಾಗಬೇಡಿ ಮೇಡಂ. ವಡ್ಡಾರಾಧನೆಯ ಕಳ್ಳ ಕೊನೆಗೆ ಎಲ್ಲ ಬಿಟ್ಟು ಮುನಿಯಾಗುತ್ತಾನೆ ಅಂತ ಕೇಳಿದ್ದೇನೆ. ಅದು ದೊಡ್ಡವರ ಕಥೆ. ನನ್ನ ಮಗನಿಗೆ ಒಂಬತ್ತು ವರ್ಷ. ಹೋದ ವರ್ಷ ಪಕ್ಕದಲ್ಲಿ ಕೂರುವ ಹುಡುಗನ ಶಾರ್ಪ್‌ನರ್ ಎತ್ತಿಕೊಂಡು ಬಂದಿದ್ದ. ರೈಲಿನ ಆಕಾರದ್ದು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ದೊಡ್ಡ ವಿಷಯ ಅಲ್ಲ ಅಂತ ಎಲ್ಲರೂ ಅಂದರು. ನನಗೆ ದೊಡ್ಡದೇ. ಅಂಥ ಮಗುವಿಗೆ ಗುಬ್ಬಿಯ ಜಾಣತನ, ಓಟ, ಮಾಯೆ ಎಲ್ಲ ಕೊಟ್ಟರೆ ಕದಿಯೋದು ಚಂದ ಅಂತ ಅನ್ನಿಸಲ್ವಾ? ಚಂದ ಮಾಡಿ ಬರೆಯುವುದು ನಿಮ್ಮ ಕೈಯಲ್ಲಿದೆ. ಆದರೆ ಅದನ್ನು ಮನೆಗೆ ತೆಗೆದುಕೊಂಡು ಹೋಗುವುದು ನನ್ನ ಮಗ.

ನಾಲ್ಕನೇ ಕ್ಲಾಸ್ ಟೀಚರ್

ಸರ್, ನಿಮ್ಮ ಚಿಂತೆ ನನಗೆ ಅರ್ಥ ಆಗುತ್ತದೆ. ಹದಿನಾರು ವರ್ಷದಿಂದ ಈ ವಯಸ್ಸಿನ ಮಕ್ಕಳ ಜೊತೆ ಇದ್ದೇನೆ. ಪ್ರತಿ ವರ್ಷ ಕ್ಲಾಸಿನಲ್ಲಿ ಒಂದು ರಬ್ಬರೋ ಒಂದು ಸ್ಕೆಚ್ ಪೆನ್ನೋ ಮಾಯ ಆಗುತ್ತದೆ. ನಾನು ಬ್ಯಾಗ್ ಹುಡುಕುವುದಿಲ್ಲ. ಕಿಟಕಿ ಹತ್ತಿರ ಒಂದು ಡಬ್ಬ ಇಟ್ಟಿದ್ದೇನೆ. "ಸಿಕ್ಕಿದ್ದು" ಅಂತ ಬರೆದಿದ್ದೇನೆ, ಅಷ್ಟೇ. ಎರಡು ದಿನದಲ್ಲಿ ಆ ವಸ್ತು ಅಲ್ಲಿಗೆ ಬರುತ್ತದೆ. ಹೆಚ್ಚಿನ ಸಲ ಬರುತ್ತದೆ.

ಎತ್ತಿಕೊಂಡ ಮಗುವಿಗೆ ತಪ್ಪು ಅಂತ ಗೊತ್ತಿರಲ್ಲ ಅಂತಲ್ಲ. ಚೆನ್ನಾಗಿ ಗೊತ್ತಿರುತ್ತದೆ. ಹೊಟ್ಟೆಯಲ್ಲಿ ಒಂದು ಕಲ್ಲು ಕೂತಿರುತ್ತದೆ. ಅದನ್ನು ಹೇಳಿಕೊಳ್ಳಲು ಅವರಿಗೆ ಮಾತು ಇರಲ್ಲ. ಗುಬ್ಬಿಯ ಹೊಸ್ತಿಲು ಒಂದೊಂದೇ ನೆನಪು ಕಿತ್ತುಕೊಳ್ಳುತ್ತದಲ್ಲ, ಆ ಮಾತು ಅದೇ ಅಂತ ನನಗೆ ಅನಿಸಿತು. ಕದ್ದಿದ್ದಕ್ಕೆ ಯಾರೂ ಬೈಯದೆ ಇದ್ದರೂ ಒಳಗೆ ಏನೋ ಕಡಿಮೆ ಆಗುತ್ತದೆ. ಇದನ್ನು ನಾನು ನೀತಿಪಾಠ ಮಾಡಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಕಥೆ ಹೇಳಿದರೆ ಕಣ್ಣು ಪಿಳಿಪಿಳಿ ಬಿಡುತ್ತಾರೆ.

ಅಂದಹಾಗೆ ನಿಮ್ಮ ಮಗ ಆ ಶಾರ್ಪ್‌ನರ್ ಏನು ಮಾಡಿದ?

ಇಬ್ಬರು ಮಕ್ಕಳ ಅಪ್ಪ

ಉಪಯೋಗಿಸಲೇ ಇಲ್ಲ ಟೀಚರ್. ದಿಂಬಿನ ಕೆಳಗೆ ಇಟ್ಟುಕೊಂಡಿದ್ದ. ನಮಗೆ ಗೊತ್ತಾದಾಗ ಜೋರಾಗಿ ಅತ್ತ. ಪೆಟ್ಟು ಬೀಳುತ್ತೆ ಅಂತ ಅಳುತ್ತಿದ್ದಾನೆ ಅಂದುಕೊಂಡೆವು. ಆದರೆ ಅವನು ಅತ್ತಿದ್ದು ರೈಲಿಗೆ ಮನೆ ನೆನಪಾಗುತ್ತೆ ಅಂತ.

ಶನಿವಾರದ ಕಥೆ

ಸರ್, ಈ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ನಿಮ್ಮ ಒಪ್ಪಿಗೆ ಇದ್ದರೆ ಇದನ್ನು ಗುಬ್ಬಿಗೆ ಕೊಡುತ್ತೇನೆ.

ಇಬ್ಬರು ಮಕ್ಕಳ ಅಪ್ಪ

ಕೊಡಿ. ಆದರೆ ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ.

ಬೀಗದ ಅಂಗಡಿ

ಚಿಕ್ಕಪೇಟೆ ಹತ್ತಿರ ನಮ್ಮ ತಾತನ ಕಾಲದಿಂದ ಬೀಗ ರಿಪೇರಿ ಅಂಗಡಿ. ನೀವು ಗುಂಪಿನಲ್ಲಿ ಹಾಕಿದ್ದ ಮೂರನೇ ಅಧ್ಯಾಯ ಓದಿದೆ. ಗುಬ್ಬಿ ತಂತಿ ತೂರಿಸಿ, ಕಿವಿ ಇಟ್ಟು, ಟಿಕ್ ಟಿಕ್ ಅಂತ ಬೀಗ ತೆಗೆಯುತ್ತಾನೆ. ಚೆನ್ನಾಗಿದೆ. ಆದರೆ ಆ ಕಾಲಕ್ಕೆ ಆ ಬೀಗ ಇರಲಿಲ್ಲ ಮೇಡಂ.

ನೀವು ಬರೆದಿರುವುದು ಲಿವರ್ ಬೀಗ. ಅದರೊಳಗೆ ತಗಡಿನ ಪಟ್ಟಿಗಳಿರುತ್ತವೆ. ಒಂದೊಂದನ್ನೂ ಸರಿಯಾದ ಎತ್ತರಕ್ಕೇ ಎತ್ತಬೇಕು. ಒಂದು ಕೂದಲು ಜಾಸ್ತಿ ಆದರೂ ತೆಗೆಯಲ್ಲ, ಕಡಿಮೆ ಆದರೂ ತೆಗೆಯಲ್ಲ. ಹಾಗೆ ಮಾಡಿದ್ದು ಇಂಗ್ಲೆಂಡಿನಲ್ಲಿ, 1778ರಲ್ಲಿ. ಕೆಂಪೇಗೌಡರು ಕೋಟೆ ಕಟ್ಟಿಸಿದ್ದು 1537ರಲ್ಲಿ ಅಂತಾರೆ. ನಮ್ಮ ಹಳೇ ಬೀಗಗಳಲ್ಲಿ ಕೀಲಿ ತಿರುಗಿಸುವುದಲ್ಲ, ಒಳಗೆ ತಳ್ಳುವುದು. ಒಳಗೆ ರೆಕ್ಕೆ ಬಿಚ್ಚಿದ ಹಾಗೆ ತಗಡಿನ ಸ್ಪ್ರಿಂಗ್ ಇರುತ್ತದೆ. ಕೀಲಿ ಅದನ್ನು ಅಮುಕುತ್ತದೆ. ರೆಕ್ಕೆ ಮುಚ್ಚಿಕೊಂಡ ತಕ್ಷಣ ಕೊಂಡಿ ಆಚೆ ಬರುತ್ತದೆ. ಗುಬ್ಬಿ ಅಂತ ಹೆಸರಿಟ್ಟಿದ್ದೀರಲ್ಲ, ಇದು ನಿಮಗೆ ಉಪಯೋಗಕ್ಕೆ ಬರಬಹುದು.

ಇನ್ನೊಂದು ವಿಷಯ. ರಾತ್ರಿ ಹೊತ್ತು ಒಳಗೆ ಜನ ಇರುವ ಮನೆಗೆ ಹೊರಗೆ ಬೀಗ ಇರಲ್ಲ. ಬಾಗಿಲ ಹಿಂದೆ ಅಡ್ಡಲಾಗಿ ಅಗುಳಿ ಇರುತ್ತದೆ. ದಪ್ಪ ಮರದ್ದು. ಅದಕ್ಕೆ ಯಾವ ತಂತಿಯೂ ಕೆಲಸ ಮಾಡಲ್ಲ. ಅದಕ್ಕೇ ಹಳೇ ಕಳ್ಳರು ಬಾಗಿಲಿಗೆ ಹೋಗುತ್ತಲೇ ಇರಲಿಲ್ಲ. ಮಣ್ಣಿನ ಗೋಡೆಗೆ ಕನ್ನ ಕೊರೆಯುತ್ತಿದ್ದರು. ಕನ್ನಗಳ್ಳ ಅನ್ನೋ ಮಾತು ಬಂದದ್ದು ಅಲ್ಲಿಂದಲೇ.

ಓದುವ ಹುಡುಗಿ

ಒಂದು ನಿಮಿಷ. ಕನ್ನ ಕೊರೆದು ಒಳಗೆ ಹೋದರೆ ಹೊಸ್ತಿಲು ದಾಟಿದ ಹಾಗೆ ಆಗಲ್ಲ ಅಲ್ವಾ? ಹಾಗಾದರೆ ಸುಂಕ ಯಾರು ತಗೋತಾರೆ? ನಾನು ಎಂಜಿನಿಯರಿಂಗ್ ಓದ್ತಿದ್ದೀನಿ, ಆದರೆ ಹತ್ತು ವರ್ಷದವಳಿದ್ದಾಗ ಇಂಥ ಕಥೆಗಳಲ್ಲಿ ನಾನು ಹುಡುಕುತ್ತಿದ್ದದ್ದೇ ಇದು. ಮಾಯೆಗೆ ಒಂದು ನಿಯಮ ಇಟ್ಟರೆ ಮಕ್ಕಳು ಅದರ ತೂತು ಹುಡುಕೇ ಹುಡುಕ್ತಾರೆ. ನಿಯಮ ಮುರಿದರೆ ಪುಸ್ತಕ ಮುಚ್ಚಿಡ್ತಾರೆ. ಅಕ್ಕ, ಇದಕ್ಕೆ ಉತ್ತರ ಬೇಕೇ ಬೇಕು.

ಹಳಗನ್ನಡ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಮಗಳೇ. ಕನ್ನದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಶೂದ್ರಕನ ಮೃಚ್ಛಕಟಿಕ ನಾಟಕದಲ್ಲಿ ಶರ್ವಿಲಕ ಅನ್ನುವ ಕಳ್ಳ ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಯಾವ ಆಕಾರದಲ್ಲಿ ಕೊರೆಯಲಿ ಅಂತ ನಿಂತು ಯೋಚಿಸುತ್ತಾನೆ. ಅರಳಿದ ತಾವರೆಯಾ, ಸೂರ್ಯನಾ, ಎಳೇ ಚಂದ್ರನಾ, ಬಾವಿಯಾ, ಸ್ವಸ್ತಿಕವಾ? ಕೊನೆಗೆ ತುಂಬಿದ ಕೊಡದ ಆಕಾರ ಆರಿಸುತ್ತಾನೆ. ಅಳತೆ ದಾರ ಮರೆತು ಬಂದಿರುತ್ತಾನೆ, ಜನಿವಾರದಲ್ಲೇ ಅಳೆಯುತ್ತಾನೆ. ಬೆಳಗ್ಗೆ ಚಾರುದತ್ತ ಎದ್ದು ಆ ತೂತನ್ನು ನೋಡಿ ಕೆಲಸ ಎಷ್ಟು ಚೆನ್ನಾಗಿದೆ ಅಂತ ಮೆಚ್ಚುತ್ತಾನೆ. ಅವನು ಕದ್ದದ್ದು ತನ್ನ ಪ್ರೀತಿಯ ಹುಡುಗಿಯನ್ನು ದಾಸ್ಯದಿಂದ ಬಿಡಿಸಲು. ನಮ್ಮ ಹಿಂದಿನವರು ಕಳ್ಳನ ಕೈಚಳಕವನ್ನು ನೋಡಿದರು, ಅವನ ಕಷ್ಟವನ್ನೂ ನೋಡಿದರು.

ಶನಿವಾರದ ಕಥೆ

ಎರಡು ದಿನ ಇದನ್ನೇ ಯೋಚಿಸಿದೆ. ಅಡುಗೆ ಮಾಡುವಾಗ, ಬಸ್ಸಿನಲ್ಲಿ, ಎಲ್ಲ ಕಡೆ. ಉತ್ತರ ಸಿಕ್ಕಿದೆ ಅನಿಸುತ್ತಿದೆ.

ಕನ್ನ ಕೊರೆಯುವವನು ಇರುಳಪ್ಪ. ಅವನು ಒಂದು ದಿನವೂ ಹೊಸ್ತಿಲು ದಾಟಿಲ್ಲ. ಅದಕ್ಕೇ ಅವನಿಗೆ ಎಲ್ಲ ನೆನಪಿದೆ. ಅಮ್ಮನ ಮುಖ, ಅಪ್ಪನ ಕೆಮ್ಮು, ಊರಿನ ಜಾತ್ರೆ, ಎಲ್ಲ. ನಲವತ್ತು ವರ್ಷ ಕದ್ದರೂ ಅವನು ಏನೂ ಕಳೆದುಕೊಂಡಿಲ್ಲ. ಗೋಡೆ ಒಡೆದುಕೊಂಡು ಹೋಗುವವನಿಗೆ ಸುಂಕ ಇಲ್ಲ. ಬಾಗಿಲಿನಿಂದ ಹೋಗುವ ಗುಬ್ಬಿಗೆ ಸುಂಕ. ಇರುಳಪ್ಪನಿಗೆ ಈ ನಿಯಮ ಗೊತ್ತು. ಗೊತ್ತಿದ್ದೂ ಹುಡುಗನಿಗೆ ಹೇಳಿಲ್ಲ. ಗೋಡೆ ಕೊರೆದರೆ ಸದ್ದಾಗುತ್ತದೆ, ಮಣ್ಣು ಬೀಳುತ್ತದೆ, ಸಿಕ್ಕಿಬೀಳುವ ಭಯ. ಗುಬ್ಬಿಯನ್ನು ಕಳಿಸಿದರೆ ಯಾವ ಗುರುತೂ ಇಲ್ಲ.

ಅಪ್ಪಾಜಿ ಸರ್ (ಇಬ್ಬರು ಮಕ್ಕಳ ಅಪ್ಪ ಅವರೇ), ನಿಮ್ಮ ಪ್ರಶ್ನೆಗೂ ನನ್ನ ಉತ್ತರ ಇಲ್ಲೇ ಇದೆ. ಗುಬ್ಬಿಯನ್ನು ನಾನು ರಾಜನ ಮಗ ಮಾಡುವುದಿಲ್ಲ. ರಾಜನ ಮಗ ಆದ ತಕ್ಷಣ ಅವನು ಕದ್ದದ್ದೆಲ್ಲ ಸುಮ್ನೆ ಮಾಫಿ ಆಗಿಬಿಡುತ್ತದೆ. ಕೆಟ್ಟವರ ಮನೆ ಮಾತ್ರ ಅಂತಲೂ ಮಾಡುವುದಿಲ್ಲ. ಅವನು ಬಳೆ ಮಾರುವ ಮುದುಕಿಯ ಮನೆಯಲ್ಲೂ ಕದ್ದಿದ್ದಾನೆ. ಅದು ಕಥೆಯಲ್ಲಿ ಇರಬೇಕು. ಆದರೆ ಯಾರ ಹಸಿವಿಗೆ ಯಾರು ಸುಂಕ ಕಟ್ಟುತ್ತಿದ್ದಾರೆ ಅನ್ನೋದೂ ಇರಬೇಕು. ಮಕ್ಕಳು ಅದನ್ನು ನೋಡುತ್ತಾರೆ ಅಂತ ನನಗೆ ನಂಬಿಕೆ ಇದೆ.

ಇಬ್ಬರು ಮಕ್ಕಳ ಅಪ್ಪ

ಬಳೆ ಮಾರುವ ಮುದುಕಿ ವಿಷಯ ಬರೆಯುತ್ತೀರಿ ಅಂದಿದ್ದು ನನಗೆ ಸಮಾಧಾನ ಆಯಿತು. ಕದ್ದವನ ಕಷ್ಟ ಮಾತ್ರ ಹೇಳಿ ಕಳೆದುಕೊಂಡವರನ್ನು ಮರೆತುಬಿಡುತ್ತಾರೆ. ನನಗೆ ಅದೇ ಭಯ ಇತ್ತು.

ದೊಡ್ಡಪೇಟೆ

ಲೇಟಾಗಿ ಬಂದೆ. ನಮ್ಮದು ಪೇಟೆಯಲ್ಲೇ ಹುಟ್ಟಿ ಬೆಳೆದ ಮನೆ. ಊರಿನ ವಿಷಯ ಸ್ವಲ್ಪ ಹೇಳಬಹುದಾ? ನಿಮ್ಮ ಮಕ್ಕಳು ಕಥೆ ಕೇಳಿ ಆದಮೇಲೆ ಹೋಗಿ ನೋಡಬಹುದಾದ ಜಾಗಗಳು ಇವು.

ಈಗಿನ ಅವೆನ್ಯೂ ರಸ್ತೆಯೇ ಹಳೇ ದೊಡ್ಡಪೇಟೆ. ಉತ್ತರಕ್ಕೆ ಯಲಹಂಕ ಬಾಗಿಲು. ಅದನ್ನು ಅಡ್ಡ ಹಾಯುವುದು ಚಿಕ್ಕಪೇಟೆ. ಪೂರ್ವಕ್ಕೆ ಹಲಸೂರು ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪ ಬಾಗಿಲು. ಎರಡು ಬೀದಿ ಸೇರುವ ಜಾಗದಲ್ಲಿ ನಾಲ್ಕು ಜೋಡಿ ಎತ್ತು ಕಟ್ಟಿ ನಾಲ್ಕು ದಿಕ್ಕಿಗೆ ನೇಗಿಲು ಹೂಡಿದರು ಅಂತ ಹೇಳುತ್ತಾರೆ. ಬಾಗಿಲು ಹೋಯಿತು, ಹೆಸರು ಉಳಿಯಿತು. ಹಲಸೂರು ಗೇಟ್ ಅಂತ ಇವತ್ತಿಗೂ ಪೊಲೀಸ್ ಠಾಣೆ ಇದೆ. ಕಳ್ಳನ ಕಥೆಗೆ ಇದಕ್ಕಿಂತ ಒಳ್ಳೆ ಬಾಗಿಲು ಸಿಗಲ್ಲ.

ಗುಬ್ಬಿ ಒಂದು ಕಡೆ ಹುರಿದ ಕಡಲೆಕಾಯಿ ತಿನ್ನುತ್ತಾನೆ, ಇನ್ನೊಂದು ಕಡೆ ಮೆಣಸಿನಕಾಯಿ ಕಚ್ಚಿ ಕಣ್ಣೀರು ಹಾಕುತ್ತಾನೆ. ಎರಡೂ ಮೂಲದಲ್ಲಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗು ಬಂದಮೇಲೆ ನಮ್ಮ ಕಡೆ ಹರಡಿದ್ದು. ಅವುಗಳ ಬದಲು ರಾಗಿ ಮುದ್ದೆ, ಅವರೆಕಾಳು, ಕಾಳುಮೆಣಸು ಹಾಕಿ. ಕರಗದ ರಾತ್ರಿಯ ಅಧ್ಯಾಯ ತುಂಬಾ ಹಿಡಿಸಿತು. ಚೈತ್ರ ಹುಣ್ಣಿಮೆ, ಊರೆಲ್ಲ ಎದ್ದಿದೆ, ಮಲ್ಲಿಗೆ ವಾಸನೆ, ವೀರಕುಮಾರರ ಕತ್ತಿ. ಆದರೆ ಅದರಲ್ಲಿ ಕರಗ ಮಸ್ತಾನ್ ದರ್ಗಾಕ್ಕೆ ಹೋಗುತ್ತದೆ ಅಂತ ಬರೆದಿದ್ದೀರಿ. ಈಗ ಹೋಗುತ್ತದೆ, ನಿಜ. ಆದರೆ ದರ್ಗಾ ಆಮೇಲಿನ ಕಾಲದ್ದು.

ಇನ್ನೊಂದು ಮಾತು, ಹೇಳಲೋ ಬೇಡವೋ ಅಂತ ಯೋಚಿಸಿದೆ. ಕೊನೆಯಲ್ಲಿ ಇರುಳಪ್ಪ ಗುಬ್ಬಿಯನ್ನು ಕೋಟೆ ಬಾಗಿಲಿಗೆ ಕಳಿಸುತ್ತಾನೆ ಅಂದಿದ್ದಿರಿ. ಕೋಟೆಯ ಒಂದು ಬಾಗಿಲು ಕಟ್ಟಿದಷ್ಟೂ ಬೀಳುತ್ತಿತ್ತು ಅನ್ನೋ ಕಥೆ ನಮ್ಮ ಅಜ್ಜಿ ಹೇಳುತ್ತಿದ್ದರು. ಬಲಿ ಬೇಕು ಅಂದರಂತೆ. ಕೆಂಪೇಗೌಡರು ಒಪ್ಪಲಿಲ್ಲವಂತೆ. ತುಂಬು ಗರ್ಭಿಣಿ ಸೊಸೆ ಲಕ್ಷ್ಮಮ್ಮ ರಾತ್ರಿ ಒಬ್ಬಳೇ ಹೋಗಿ ಪ್ರಾಣ ಕೊಟ್ಟಳಂತೆ. ಕೋರಮಂಗಲದಲ್ಲಿ ಅವಳ ಗುಡಿ ಇದೆ. ಹೊಸ್ತಿಲುಗಳಿಗೆ ನೆನಪು ಇದೆ ಅಂತಾದರೆ, ಆ ಬಾಗಿಲ ಹೊಸ್ತಿಲು ಗುಬ್ಬಿಗೆ ಏನು ಹೇಳುತ್ತದೆ?

ನಾಲ್ಕನೇ ಕ್ಲಾಸ್ ಟೀಚರ್

ಇದು ಮಕ್ಕಳಿಗೆ ಭಾರ ಆಗಬಹುದು ಅಂತ ಮೊದಲು ಅನಿಸಿತು. ಆದರೆ ಬೆಂಗಳೂರಿನ ಮಕ್ಕಳು ಈ ಕಥೆಯನ್ನು ಎಲ್ಲೋ ಒಂದು ಕಡೆ ಕೇಳೇ ಇರುತ್ತಾರೆ. ಬಲಿಯನ್ನು ವರ್ಣಿಸಬೇಡಿ. ಹೊಸ್ತಿಲು ಮಾತಾಡದೆ ಸುಮ್ಮನಿರಲಿ. ಎಲ್ಲ ಹೊಸ್ತಿಲ ಮಾತು ಕೇಳಿಸುವ ಹುಡುಗನಿಗೆ ಒಂದು ಹೊಸ್ತಿಲು ಏನೂ ಹೇಳದಿದ್ದರೆ ಮಕ್ಕಳಿಗೆ ಅಷ್ಟೇ ಸಾಕು.

ಓದುವ ಹುಡುಗಿ

ಓದುವಾಗಲೇ ಮೈ ಜುಮ್ ಅಂತು.

ಶನಿವಾರದ ಕಥೆ

ಇವತ್ತು ಶನಿವಾರ. ಈಗಷ್ಟೇ ಲೈಬ್ರರಿಯಿಂದ ಬಂದೆ. ನಿಮಗೆಲ್ಲ ಹೇಳಲೇಬೇಕು.

ಇರುಳಪ್ಪನ ಗುಟ್ಟು ಹೊರಬೀಳುವ ಅಧ್ಯಾಯ ಓದಿದೆ. ಗುಬ್ಬಿಗೆ ಈಗ ಅಮ್ಮನ ಹಾಡಿನ ಮೊದಲ ಸಾಲು ಮಾತ್ರ ಉಳಿದಿದೆ. ಇನ್ನೊಂದು ಹೊಸ್ತಿಲು ದಾಟಿದರೆ ಅದೂ ಹೋಗುತ್ತದೆ. ಅಲ್ಲಿಗೆ ನಿಲ್ಲಿಸಿದೆ. ಮಕ್ಕಳು ಇರುಳಪ್ಪನ ಮೇಲೆ ಸಿಟ್ಟಾದರು. ಒಬ್ಬ ಹುಡುಗ ಎದ್ದು ನಿಂತು, "ಆ ಬಳೆ ಅಜ್ಜಿಗೆ ದುಡ್ಡು ವಾಪಸ್ ಕೊಡ್ತಾನಾ?" ಅಂತ ಕೇಳಿದ. ಕೊಡುತ್ತಾನೆ ಅಂದೆ.

ಬಾಗಿಲ ಹತ್ತಿರ ಯಾವಾಗಲೂ ಒಂದು ಹುಡುಗಿ ಕೂರುತ್ತಾಳೆ. ಅವಳ ಅಮ್ಮ ಪಕ್ಕದ ಅಪಾರ್ಟ್‌ಮೆಂಟ್‌ನಲ್ಲಿ ಮನೆಗೆಲಸ ಮಾಡುತ್ತಾರೆ, ಮುಗಿಯುವವರೆಗೆ ಇವಳು ಇಲ್ಲಿರುತ್ತಾಳೆ. ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಇವತ್ತು ಕೈ ಎತ್ತಿದಳು.

"ಆಂಟಿ, ಅವನು ತಾನಾಗೇ ಹೋದ್ರೆ ಹೊಸ್ತಿಲು ಸುಂಕ ತಗೊಳುತ್ತೆ. ಯಾರಾದ್ರೂ ಬಾ ಅಂತ ಕರೆದ್ರೆ?"

ನಾನು ಹನ್ನೊಂದು ಅಧ್ಯಾಯ ಬರೆದಿದ್ದೇನೆ. ಗುಬ್ಬಿಯನ್ನು ಯಾರಾದರೂ ಒಳಗೆ ಕರೆಯಬಹುದು ಅಂತ ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟವಳು ನೇರ ಬರೆಯಲು ಕೂತೆ. ಹನ್ನೆರಡನೇ ಅಧ್ಯಾಯದ ಶುರು ಇಲ್ಲಿದೆ.

"ಮಳೆ ನಿಂತಿರಲಿಲ್ಲ. ಗುಬ್ಬಿ ತಳವಾರನ ಮನೆಯ ಜಗುಲಿ ಮೇಲೆ ಮುದುಡಿ ಕೂತಿದ್ದ. ಒಳಗಿನಿಂದ ಮುದ್ದೆ ಬೇಯುವ ವಾಸನೆ. ಅವನು ಹೊಸ್ತಿಲಿಗೆ ಕಿವಿ ಕೊಡಲಿಲ್ಲ. ಕೊಟ್ಟರೆ ಆಸೆ ಆಗುತ್ತದೆ. ಒಳಗಿನಿಂದ ನಿಂಗಿಯ ದನಿ ಬಂತು. 'ಅಲ್ಲೇ ಯಾಕೆ ನೆನೀತಾ ಕೂತಿದ್ದೀಯ? ಒಳಗೆ ಬಾರೋ.' ಗುಬ್ಬಿ ಎದ್ದ. ಬಾಗಿಲು ತಳ್ಳಿದ. ಕಾಲು ಎತ್ತಿ ಹೊಸ್ತಿಲ ಮೇಲೆ ಗಾಳಿಯಲ್ಲೇ ಹಿಡಿದು ನಿಂತ."

ಹಳಗನ್ನಡ ಮೇಷ್ಟ್ರು

ಆ ಹುಡುಗಿಗೆ ನನ್ನ ಆಶೀರ್ವಾದ ಹೇಳಿ.

ಬೀಗದ ಅಂಗಡಿ

ತುಂಬಾ ಚೆನ್ನಾಗಿದೆ ಮೇಡಂ. ಒಂದು ಸಾಲು ಮಾತ್ರ ತಿದ್ದಿ. ರಾತ್ರಿ ಹೊತ್ತು, ಮಳೆ ಬೇರೆ, ಅಗುಳಿ ಹಾಕಿರುತ್ತಾರೆ. ಹೊರಗಿನಿಂದ ತಳ್ಳಿದರೆ ಬಾಗಿಲು ತೆಗೆಯಲ್ಲ. ಕೂಗಿ ಕರೆದರೆ ಸಾಕಾಗಲ್ಲ. ಅವಳು ಎದ್ದು ಬಂದು ತೆಗೆಯಬೇಕು.

ಶನಿವಾರದ ಕಥೆ

ತಿದ್ದಿದೆ ಸರ್.

"ಒಳಗೆ ಅಗುಳಿ ಸರಿದ ಸದ್ದಾಯಿತು. ನಿಂಗಿ ಎರಡೂ ಕೈಯಲ್ಲಿ ಬಾಗಿಲು ಎಳೆದು ಹಿಡಿದುಕೊಂಡಳು."